ಒಲೆಗೆ ಹಾಕಿದ ಕಾದಂಬರಿ

1998ರಲ್ಲಿ ನಾನು ಬೇಲೂರಿನ ಒಂದು ಸಣ್ಣ ಖಾಸಗಿ ಗ್ರಂಥಾಲಯದಲ್ಲಿ ಲೈಬ್ರೇರಿಯನ್ ಆಗಿದ್ದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತಿದ್ದೆ. ಎಂಟೂ ಐದಕ್ಕೆ ತೆರೆದ ದಿನ ನೆನಪಿಲ್ಲ.

ಆ ವರ್ಷ ಎಲ್ಲರೂ ಕೇಳಿ ಒಯ್ಯುತ್ತಿದ್ದದ್ದು ಗೆಂಡೆಹಳ್ಳಿಯ ಹೊಲಿಗೆ ಟೀಚರ್ ಸರ್ವಮಂಗಳಾ ಬರೆದು, ತಾವೇ ಅಚ್ಚು ಹಾಕಿಸಿದ ಕಾದಂಬರಿ. ಅದರಲ್ಲಿ ಅಜ್ಜಿಯ ಮಾಟ ಮೊಮ್ಮಗಳಿಗೆ ಬಳುವಳಿಯಾಗಿ ಬರುತ್ತದೆ. ಪ್ರೀತಿಸಿ ಕೈಬಿಟ್ಟವನ ಮನೆಯಲ್ಲಿ ಅಂದಿನಿಂದ ಹಾಲು ಹೆಪ್ಪುಗಟ್ಟುವುದಿಲ್ಲ. ಆ ಮನೆಯೊಡತಿ ನೆಂಟರ ಲೋಟಕ್ಕೆ ಬೆರಳಿಟ್ಟು ಅಳೆದು ಕಾಫಿ ಬಗ್ಗಿಸುವವಳು.

ಓದಿದವರೆಲ್ಲ ಆ ಮನೆಯೊಡತಿಯಲ್ಲಿ ಬಿಕ್ಕೋಡಿನ ಜಯಮ್ಮನವರನ್ನು ಗುರುತಿಸಿದರು. ಅವರ ಮಗನೂ ಸರ್ವಮಂಗಳಾ ಅವರೂ ಮೆಚ್ಚಿ, ನಿಶ್ಚಿತಾರ್ಥವೂ ಆಗಿತ್ತು. ಹುಡುಗಿಯ ಅಜ್ಜಿ ಬೆಚ್ಚಿದ ಮಕ್ಕಳಿಗೆ ದಾರ ಕಟ್ಟುತ್ತಿದ್ದರೆಂದು ತಿಳಿದದ್ದೇ ತಡ, ಮಾಟಗಾತಿ ವಂಶವೆಂದು ಜಯಮ್ಮ ಸಂಬಂಧ ಮುರಿದರು. ಮಗ ತುಟಿ ಬಿಚ್ಚಲಿಲ್ಲ. ಆಮೇಲೆ ಅವನಿಗೆ ಬೇಲೂರಿನ ಮೇಷ್ಟರೊಬ್ಬರ ಮಗಳೊಡನೆ ಮದುವೆ ಗೊತ್ತಾಯಿತು.

ಹೊರ ಊರಿನವರು ಸದಸ್ಯರಾಗಲು ಬೇಲೂರಿನವರೊಬ್ಬರ ಜಾಮೀನು ಬೇಕಿತ್ತು. ಜಯಮ್ಮ ಆ ಮೇಷ್ಟರಿಂದಲೇ ಸಹಿ ಹಾಕಿಸಿಕೊಂಡು ಬಂದು, ಅದೊಂದೇ ಪುಸ್ತಕ ಕೇಳಿ ಒಯ್ದರು. ವಾರದೊಳಗೆ ಮೇಷ್ಟರೂ ಅದೇ ಪುಸ್ತಕದ ಸರದಿಗೆ ಹೆಸರು ಬರೆಸಿದರು. ಗಡುವು ಮುಗಿದರೂ ಪುಸ್ತಕ ಬರಲಿಲ್ಲ. ನಾನು ಕಾರ್ಡು ಹಾಕಿದೆ. ಜಯಮ್ಮ ಬರಿಗೈಯಲ್ಲಿ ಬಂದರು.

“ಒಲೆಗೆ ಹಾಕ್ದೆ ಕಣ್ರೀ. ಏನ್ ದಂಡ ಐತೋ ಹೇಳಿ.”

ಪುಸ್ತಕ ಹೋದರೆ ಅದೇ ಪುಸ್ತಕ ತಂದುಕೊಡಬೇಕು. ಇಲ್ಲವಾದರೆ ಕಾರಣ ಬರೆದು ಜಾಮೀನುದಾರರಿಗೆ ನೋಟಿಸ್. ಇದು ನಿಯಮ. ಬೇರೆಯವರಿಂದ ದುಡ್ಡು ಪಡೆದು ಬಿಟ್ಟದ್ದುಂಟು. ಇವರನ್ನು ಬಿಡಲಿಲ್ಲ. ಆ ಪುಸ್ತಕ ಸಿಗುತ್ತಿದ್ದದ್ದು ಬರೆದವರ ಮನೆಯಲ್ಲಿ ಮಾತ್ರ.

“ನನ್ನ ಅವ್ಳ ಬಾಗ್ಲಿಗೆ ಕಳಿಸ್ತೀರೇನ್ರೀ?”

“ಶನಿವಾರದೊಳಗೆ ತನ್ನಿ,” ಎಂದೆ.

ಶುಕ್ರವಾರವೇ ತಂದರು. ಸರ್ವಮಂಗಳಾ ಈ ಜಯಮ್ಮನವರನ್ನು ಜಗಲಿಯಲ್ಲಿ ಕೂರಿಸಿ, ಕೈಯಲ್ಲಿದ್ದ ರವಿಕೆ ಹೊಲಿದು ಮುಗಿಸಿ, ಹೊಲಿಗೆ ಕಲಿಯುವ ಹುಡುಗಿಯರ ಎದುರೇ ಪುಸ್ತಕ ಕೊಟ್ಟರಂತೆ. ಹಣ ಮುಟ್ಟಲಿಲ್ಲವಂತೆ. “ನಮ್ಮಜ್ಜಿನೂ ದಾರ ಕಟ್ಟಿ ಕಾಸು ಇಸ್ಕೊತಿರ್ಲಿಲ್ಲ ಕಣಮ್ಮ,” ಎಂದರಂತೆ. ಮೊದಲ ಪುಟದಲ್ಲಿ ಸರ್ವಮಂಗಳಾ ದಪ್ಪ ಅಕ್ಷರದಲ್ಲಿ ಬರೆದಿದ್ದರು: ‘ಬಿಕ್ಕೋಡಿನ ಜಯಮ್ಮನವರು ಓದಿ, ಮೆಚ್ಚಿ, ಗ್ರಂಥಾಲಯಕ್ಕೆ ಕೊಟ್ಟ ಪ್ರತಿ.’

ಜಯಮ್ಮ ದನಿ ತಗ್ಗಿಸಿ ಕೇಳಿದರು: “ಈ ಒಂದ್ ಹಾಳೆ ಹರ್ಕೊಳ್ಳಾ?”

“ಹರಿದ ಪುಸ್ತಕಕ್ಕೂ ಅದೇ ನಿಯಮ, ಅಮ್ಮ.”

ಸರದಿಯಲ್ಲಿ ಮುಂದಿನ ಹೆಸರು ಮೇಷ್ಟರದ್ದು. ಸಂಜೆ ಅವರಿಗೇ ಕೊಟ್ಟೆ. ಮೊದಲ ಪುಟ ಓದಿ, “ನಮ್ಮ ಬೀಗಿತ್ತಿ ಇಷ್ಟು ಓದ್ತಾರೆ ಅಂತ ಗೊತ್ತಿರ್ಲಿಲ್ಲ,” ಎಂದರು. ಮುಂದಿನ ವಾರ ಪುಸ್ತಕ ಮರಳಿಸಿ, ಜಯಮ್ಮನಿಗೆ ಹಾಕಿದ್ದ ಜಾಮೀನನ್ನು ಹಿಂತೆಗೆದುಕೊಂಡರು. ಆ ಮದುವೆ ನಡೆಯಲಿಲ್ಲ.

ನಿಯಮ ಎಲ್ಲರಿಗೂ ಒಂದೇ ಎಂದು ಸೇವೆಯುದ್ದಕ್ಕೂ ಹೇಳಿದವನು ನಾನು. ಅದನ್ನು ಯಾರ ಕೊರಳಿಗೆ ಬಿಗಿಯಬೇಕೆಂಬುದು ಮೇಜಿನ ಈಚೆ ಕುಳಿತವನ ಕೈಯಲ್ಲಿರುತ್ತದೆ ಎಂಬುದನ್ನು ಅಂದು ಕಲಿತೆ. ಪಶ್ಚಾತ್ತಾಪವಿಲ್ಲ.