ನಿಮಗೆ ಏನಾಗಬೇಕು?

ನಮ್ಮ ಕೋಲಾರದ ಕಡೆ ಇಬ್ಬರು ಜೊತೆಯಾಗಿ ಹೆಜ್ಜೆ ಹಾಕಿದರೆ ಸಾಕು, ಎದುರಿಗೆ ಬಂದವರ ಬಾಯಲ್ಲಿ ಒಂದು ಪ್ರಶ್ನೆ ಸಿದ್ಧವಾಗಿರುತ್ತದೆ: ‘ಇವ್ರು ನಿಮ್ಗೇನಾಗ್ಬೇಕು?’ ತಂಗಿ, ಷಡ್ಡಕ, ಓರಗಿತ್ತಿ, ಏನೂ ಇಲ್ಲವೆಂದರೆ ‘ನಮ್ಮೂರಿನವರು’ ಎಂಬಷ್ಟಾದರೂ ಉತ್ತರ ಸಿಗುವವರೆಗೆ ಕೇಳಿದವರು ದಾರಿ ಬಿಡುವುದಿಲ್ಲ. ಈ ಪ್ರಶ್ನೆಯ ವ್ಯಾಕರಣವನ್ನು ನೀವು ಎಂದಾದರೂ ಗಮನಿಸಿದ್ದೀರಾ? ಎಂದೋ ಆಗಿಹೋದ ಸಂಬಂಧವನ್ನು ವಿಚಾರಿಸುವಾಗಲೂ ನಾವು ‘ಏನಾಗಿದ್ದಾರೆ’ ಎನ್ನುವುದಿಲ್ಲ, ‘ಏನಾಗಬೇಕು’ ಎನ್ನುತ್ತೇವೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಯೇ ನಿವೃತ್ತಳಾದ ನಾನು ಕೂಡ ಇದನ್ನು ಗಮನಿಸಿರಲಿಲ್ಲ. ಮದುವೆಯಾಗದೆ, ಕೈಯಲ್ಲೊಂದು ಚೀಲ ಹಿಡಿದು ಒಂಟಿಯಾಗಿ ಓಡಾಡುವವಳಿಗೆ ಚೀಲವನ್ನು ತೋರಿಸಿ ‘ಇದು ನಿಮಗೇನಾಗಬೇಕು’ ಎಂದು ಯಾರಾದರೂ ಕೇಳಿಯಾರೇ?

ಆ ಪ್ರಶ್ನೆಯ ಯೋಗ ನನಗೆ ಒದಗಿದ್ದು ನೀಮಾ ಬಂದ ಮೇಲೆ. ತಾಂಜಾನಿಯಾದ ಹುಡುಗಿ, ಇಲ್ಲಿ ನರ್ಸಿಂಗ್ ಓದಲೆಂದು ಬಂದು ನನ್ನ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದಳು. ನಮ್ಮ ಮಕ್ಕಳು ವಿದೇಶಕ್ಕೆ ಓದಲು ಹೋಗುವುದನ್ನು ಕೇಳಿ ಕೇಳಿ ಅಭ್ಯಾಸವಾಗಿದ್ದ ನನಗೆ, ಕೋಲಾರವೂ ಯಾರಿಗೋ ವಿದೇಶವಾಗಿರಬಹುದೆಂಬುದು ಹೊಳೆದೇ ಇರಲಿಲ್ಲ. ಮೊದಲ ದಿನವೇ ಗಂಭೀರವಾಗಿ ನನ್ನ ನಿಬಂಧನೆಗಳನ್ನು ಸಾರಿದೆ: ರಾತ್ರಿ ಎಂಟೂವರೆಗೆ ಗೇಟಿಗೆ ಬೀಗ, ಟ್ಯಾಂಕರ್ ನೀರಿನಲ್ಲಿ ಮಿತವ್ಯಯ, ಒಗೆದ ಬಟ್ಟೆ ಹಿತ್ತಲ ಕಡೆಗೆ ಮಾತ್ರ. ಅವಳು ಎಲ್ಲಕ್ಕೂ ತಲೆಯಾಡಿಸಿ, ತನ್ನ ವೀಸಾದ ನಿಬಂಧನೆಗಳಿದ್ದ ಹಾಳೆಗಳನ್ನು ನನ್ನ ಮುಂದಿಟ್ಟು, ಇದರ ಅರ್ಥವನ್ನೂ ನಾನೇ ಹೇಳಬೇಕೆಂದಳು.

ಹಳಗನ್ನಡ ಪದ್ಯಗಳಿಗೆ ಅನ್ವಯ, ಭಾವಾರ್ಥ ಹೇಳಿ ಹೇಳಿ ಸವೆದ ನಾಲಿಗೆ ನನ್ನದು. ಕೇಳುವವರೊಬ್ಬರು ಸಿಕ್ಕರೆ ಬಿಟ್ಟೇನೇ? ವೀಸಾಕ್ಕೂ ವ್ಯಾಖ್ಯಾನ ಆರಂಭಿಸಿದೆ. ಸಂಬಳಕ್ಕೆ ಕೆಲಸ ಮಾಡಕೂಡದು ಎಂದಿತ್ತು. ಯಲ್ದೂರಿನಿಂದ ತಂಗಿ ಕಳಿಸಿದ ಮಾವಿನಕಾಯಿಯನ್ನು ಉಪ್ಪಿನಕಾಯಿಗೆ ಹೆಚ್ಚಲು ನೀಮಾ ಈಳಿಗೆಮಣೆ ಎಳೆದುಕೊಂಡ ದಿನ, ಅವಳಿಗೊಂದು ಜಾಡಿ ಉಪ್ಪಿನಕಾಯಿ ಕೊಟ್ಟರೆ ಅದು ಸಂಬಳವಾದೀತೇ ಎಂದು ನಾನು ನಿಜವಾಗಿಯೂ ಚಿಂತಿಸಿದೆ. ವಾಸಸ್ಥಳ ಬದಲಾದರೆ ತಿಳಿಸತಕ್ಕದ್ದು ಎಂದಿತ್ತು. ಜ್ವರ ಬಂದ ಹುಡುಗಿಯನ್ನು ಮಹಡಿಯಿಂದ ಇಳಿಸಿ ನನ್ನ ನಡುಮನೆಯಲ್ಲಿ ಮಲಗಿಸಿದಾಗ, ಇದೂ ವಿಳಾಸದ ಬದಲಾವಣೆಯೇ ಎಂಬ ಜಿಜ್ಞಾಸೆ ಎದ್ದಿತು. ಜ್ವರ ಬಿಟ್ಟಿತು, ಆದರೆ ಅವಳ ಊಟದ ತಟ್ಟೆ ಮತ್ತೆ ಮಹಡಿ ಹತ್ತಲಿಲ್ಲ. ಮುದ್ದೆಯನ್ನು ಕಂಡು, ತಮ್ಮಲ್ಲೂ ಇದೇ ಇದೆ, ಮುಸುಕಿನ ಜೋಳದ ಹಿಟ್ಟಿನದು, ಬಣ್ಣ ಮಾತ್ರ ಬಿಳಿ ಎಂದು ನಕ್ಕು ಚೂರು ಮುರಿದು ಸಾರಿನಲ್ಲಿ ಹೊರಳಿಸಿದ ರೀತಿಗೆ ನಮ್ಮ ಮುಳಬಾಗಿಲಿನವರೂ ತಲೆದೂಗಬೇಕು. ಬೆಳಿಗ್ಗೆ ಎದ್ದೊಡನೆ ಹಿರಿಯರಿಗೆ ‘ಶಿಕಮೋ’ ಎನ್ನುವುದು ಅವರ ಪದ್ಧತಿ. ಹಿರಿಯರು ‘ಮರಹಬಾ’ ಎನ್ನಬೇಕು. ನನ್ನ ದಿನಗಳು ಹಾಗೆ ಶುರುವಾಗತೊಡಗಿದವು.

ಒಮ್ಮೆ ಕುರುಡುಮಲೆಯ ಗಣಪನನ್ನು ತೋರಿಸಲು ಕರೆದೊಯ್ದಿದ್ದೆ. ಗುಡಿಯ ಮುಂದೆ ಹೂ ಮಾರುವಾಕೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ‘ಏನಮ್ಮಾ, ಈ ಪಾಪ ನಿಂಗೇನಾಗ್ಬೇಕು?’ ಎಂದಳು. ಬಾಡಿಗೆಯವಳು ಎನ್ನಲು ನಾಲಿಗೆ ಏಳಲಿಲ್ಲ. ‘ಓದೋಕೆ ಬಂದಿದ್ದಾಳೆ’ ಎಂದೆ. ‘ಅದಿ ಕಾದಮ್ಮಾ, ಅದಲ್ಲ, ನಿಂಗೇನಾಗ್ಬೇಕು ಅಂತ ಕೇಳ್ದೆ’ ಎಂದು ತೆಲುಗು, ಕನ್ನಡ ಎರಡರಲ್ಲೂ ಅವಳು ಪಟ್ಟು ಹಿಡಿದಳು. ನಾನು ಬೇಕಿಲ್ಲದಿದ್ದರೂ ಇನ್ನೊಂದು ಮೊಳ ಹೂ ಕೊಂಡು ಪಾರಾದೆ.

ಕೊನೆಯ ವರ್ಷದ ಓದು ಬಾಕಿ ಇರುವಾಗಲೇ ಅವಳ ವೀಸಾದ ಅವಧಿ ಮುಗಿಯಲು ಬಂತು. ವಿಸ್ತರಣೆಗೆ ಅರ್ಜಿ ಹಾಕಿದ್ದಳು. ಅದೇ ವಾರ ಅವಳ ಊರಿನಿಂದ ಸುದ್ದಿ ಬಂತು: ಸಾಕಿ ಬೆಳೆಸಿದ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ನಾವು ವೀಸಾದ ಕಚೇರಿಗೆ ಹೋದಾಗ ಅವಳ ಮನಸ್ಸೆಲ್ಲ ಅಜ್ಜಿಯ ಮೇಲೆಯೇ ಇತ್ತು. ಮೇಜಿನಾಚೆಯ ಅಧಿಕಾರಿ ಸಜ್ಜನರು. ‘ಏನಾಗ್ಬೇಕಿತ್ತು?’ ಎಂದು ವಿಚಾರಿಸಿ, ನೀಮಾ ನನ್ನಿಂದ ಕಲಿತ ಕನ್ನಡ ಕೇಳಿ ಖುಷಿಯಾಗಿ, ನನ್ನತ್ತ ಕೈ ತೋರಿಸಿ, ‘ಈ ಮೇಡಂ ನಿಮ್ಗೇನಾಗ್ಬೇಕಮ್ಮಾ?’ ಎಂದರು. ಅವಳು ಬೆಚ್ಚಿಬಿದ್ದು ನನ್ನ ಮುಂಗೈ ಹಿಡಿದುಕೊಂಡಳು.

‘ಏನೂ ಆಗ್ಬಾರ್ದು ಸಾರ್! ಮೇಡಂಗೆ ಏನೂ ಆಗ್ಬಾರ್ದು!’

ಕಚೇರಿಯೆಲ್ಲ ನಕ್ಕಿತು. ಕನ್ನಡ ಪಾಠ ಹೇಳಿದವಳಾಗಿ ನಾನೂ ನಕ್ಕೆ. ವಾಪಸು ಬರುವಾಗ ಆಟೋದಲ್ಲಿ ಕಣ್ಣಿಗೆ ಧೂಳು ಬಿದ್ದವಳಂತೆ ಸೆರಗು ಒತ್ತಿಕೊಂಡು ಕೂತಿದ್ದೆ. ನನಗೆ ಏನೂ ಆಗಬಾರದೆಂದು ಯಾರಾದರೂ ಗಟ್ಟಿಯಾಗಿ ಹೇಳಿ ಎಷ್ಟು ಕಾಲವಾಗಿತ್ತೋ!

ಅಂದು ಸಂಜೆ ಅವಳು ಮತ್ತೆ ಅದೇ ಹಾಳೆಗಳನ್ನು ತಂದು ಒಂದೇ ಒಂದು ವಾಕ್ಯಕ್ಕೆ ಭಾವಾರ್ಥ ಕೇಳಿದಳು. ಕಚೇರಿಯಲ್ಲೂ ಅದನ್ನೇ ಹೇಳಿದ್ದರು. ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಟ್ಟರೆ ಅರ್ಜಿ ಅಲ್ಲಿಗೇ ಮುಗಿಯಿತು. ಮರಳಿ ಬರಬೇಕಾದರೆ ಅಲ್ಲಿಂದಲೇ ಹೊಸ ವೀಸಾ ಪಡೆಯಬೇಕು, ಕೊಡುವುದು ಬಿಡುವುದು ಕೊಡುವವರಿಗೆ ಸೇರಿದ್ದು. ಇಲ್ಲೇ ಕಾದರೆ ಓದು ಉಳಿಯುತ್ತದೆ, ಅಜ್ಜಿ ಉಳಿಯುವರೆಂಬ ಭರವಸೆಯಿಲ್ಲ. ಹೋದರೆ ಅಜ್ಜಿಯ ಮುಖ ಕಾಣಬಹುದು, ಓದಿನ ಮಾತು ದೇವರಿಗೇ ಗೊತ್ತು. ಇಷ್ಟು ಸರಳವಾದ ವಾಕ್ಯವನ್ನು ನನ್ನ ವೃತ್ತಿಯಲ್ಲಿ ನಾನು ಬಿಡಿಸಿದ್ದಿಲ್ಲ, ಇಷ್ಟು ಕಷ್ಟದ್ದನ್ನೂ ಬಿಡಿಸಿದ್ದಿಲ್ಲ.

‘ಹೋಗ್ಲಾ ಮೇಡಂ?’ ಎಂದಳು.

ಬೇಡ, ಇಲ್ಲೇ ಇರು ಎಂಬ ಮಾತು ಬಾಯಿಗೆ ಬಂದಿತ್ತು. ‘ಹೋಗಮ್ಮ’ ಎಂದೆ.

ಹೋದಳು. ಅಜ್ಜಿ ಗುರುತು ಹಿಡಿದರಂತೆ, ಕೈ ಬಿಡಲೇ ಇಲ್ಲವಂತೆ. ಹೊಸ ವೀಸಾಕ್ಕೆ ಅರ್ಜಿ ಹಾಕಿದ್ದಾಳೆ, ಇನ್ನೂ ಉತ್ತರ ಬಂದಿಲ್ಲ. ಮಹಡಿಯ ಕೋಣೆಯನ್ನು ನಾನು ಬೇರೆಯವರಿಗೆ ಕೊಟ್ಟಿಲ್ಲ. ಎಂಟೂವರೆಗೆ ಗೇಟಿಗೆ ಬೀಗ ಹಾಕಲು ಹೋಗುತ್ತೇನೆ, ಯಾರನ್ನು ಹೊರಗಿಡಲು ಎಂದು ತಿಳಿಯದೆ ಹಾಗೇ ಬರುತ್ತೇನೆ. ದಿಕ್ಕಿಲ್ಲದವರನ್ನು ನಮ್ಮ ಜನ ‘ಪರದೇಶಿ’ ಎನ್ನುತ್ತಾರೆ. ಈ ಮನೆಯಲ್ಲಿ ಪರದೇಶಿ ಯಾರಾಗಿದ್ದರು ಎಂಬುದು ಈಗ ಇತ್ಯರ್ಥವಾಗಿದೆ. ಬೆಳಿಗ್ಗೆ ಎದ್ದರೆ ‘ಮರಹಬಾ’ ಬಾಯಿಗೆ ಬರುತ್ತದೆ. ಅದು ಬರಿಯ ಉತ್ತರ, ‘ಶಿಕಮೋ’ ಎನ್ನುವವರಿಲ್ಲದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡಲಿ?

ನಿನ್ನೆ ಗೇಟಿನ ಬಳಿ ತರಕಾರಿ ಗಾಡಿಯವನು ಟೊಮೇಟೊ ತೂಗುತ್ತ ಮಹಡಿಯತ್ತ ನೋಡಿದ. ‘ಆ ಹುಡ್ಗಿ ಕಾಣ್ತಾನೇ ಇಲ್ವಲ್ಲ ಮೇಡಂ. ಕೇಳ್ಬೇಕು ಅಂತಿದ್ದೆ, ಆಯಮ್ಮ ನಿಮ್ಗೇನಾಗ್ಬೇಕು?’

‘ಏನೂ ಆಗ್ಬಾರ್ದು ಕಣಪ್ಪಾ’ ಎಂದೆ.

ಅವನು ತಕ್ಕಡಿ ಹಿಡಿದುಕೊಂಡೇ ನನ್ನ ಮುಖ ನೋಡಿದ. ಕನ್ನಡದ ಮೇಡಂಗೆ ಕನ್ನಡವೇ ಮರೆತುಹೋಯಿತು ಎಂದುಕೊಂಡಿರಬೇಕು, ಪಾಪ.