ಆರ್ಲಾಳಿಗೆಂದು ತೋಡಿದ ಗುಂಡಿ

ಆ ಗುರುವಾರ ವಿಶೇಷ ಏನೂ ನಡೆಯಲಿಲ್ಲ. ಬೆಳಗಿನ ಹಾಲು ಕರೆದಾಗಿತ್ತು. ಹಿಲ್ಮಾ ಒಲೆಯ ಮುಂದೆ ಕೂತು ಒದ್ದೆ ಕೈಗವಸು ಒಣಗಿಸುತ್ತಿದ್ದಳು. ಆರ್ಲಾ ಹೆಂಚಿನ ಮೇಲೆ ಲೆಫ್ಸೆ ಬೇಯಿಸುತ್ತಿದ್ದಳು. ಆಲೂಗಡ್ಡೆಯ ಆ ತೆಳು ರೊಟ್ಟಿ ಹಿಲ್ಮಾಳ ತಾಯಿಯ ಕಡೆಯದು. ಆರ್ಲಾ ಹುಟ್ಟಿದ ಮನೆಯಲ್ಲಿ ಅದರ ಹೆಸರನ್ನೂ ಯಾರೂ ಕೇಳಿರಲಿಲ್ಲ. ಇಪ್ಪತ್ತಾರು ವರ್ಷ ಲಟ್ಟಿಸಿದರೂ ಅವಳ ಕೈಯಲ್ಲಿ ಅದು ಗುಂಡಗೆ ಬರುತ್ತಿರಲಿಲ್ಲ.

"ಇದೇನೇ ಇದು, ಮಿಷಿಗನ್ ಭೂಪಟ ಇದ್ದಂಗಿದೆ," ಅಂದಳು ಹಿಲ್ಮಾ.

"ತಿನ್ನೋಳಿಗೆ ಭೂಪಟ ಯಾಕೆ? ಬಾಯಿಗೆ ದಾರಿ ಗೊತ್ತಿದೆಯಲ್ಲ ನಿಂಗೆ."

ಅಷ್ಟರಲ್ಲಿ ಎಲ್ರಾಯ್ ಬಾಗಿಲು ತಟ್ಟದೆ ಒಳಗೆ ಬಂದ. ಪಕ್ಕದ ಹೊಲದ ಮುದುಕ. ಹಿಮ ಬಿದ್ದಾಗಲೆಲ್ಲ ತನ್ನ ಟ್ರ್ಯಾಕ್ಟರಿನಲ್ಲಿ ಇವರ ಅಂಗಳವನ್ನೂ ಬಳಿದು ಹೋಗುತ್ತಿದ್ದ. ಊರ ಸ್ಮಶಾನದ ಗುಡ್ಡವೂ ಅವನ ಕೈಯಲ್ಲೇ ಇತ್ತು. ಚಳಿಗಾಲದಲ್ಲಿ ಅಲ್ಲಿ ನೆಲ ಕಲ್ಲಾಗುತ್ತದೆ. ಯಾರಾದರೂ ತೀರಿಕೊಂಡರೆ ಎಲ್ರಾಯ್ ಇದ್ದಿಲು ಉರಿಸಿ, ಮೇಲೆ ಸೀಳಿದ ಡ್ರಮ್ಮು ಮುಚ್ಚಿ, ನೆಲ ಮೆತ್ತಗಾದ ಮೇಲೆ ಗುಂಡಿ ತೋಡುತ್ತಿದ್ದ.

"ಅಂಗಳದ ಆ ಚುನಾವಣೆ ಬೋರ್ಡು ಇನ್ನಾದ್ರೂ ಕೀಳ್ರಮ್ಮ," ಅಂದ. "ನನ್ನ ಟ್ರ್ಯಾಕ್ಟರಿಗೆ ಅಡ್ಡ ಬರುತ್ತೆ. ಸೋತು ಎರಡು ತಿಂಗಳಾಯ್ತು."

"ಅದರ ಕಾಲು ನೆಲದಲ್ಲಿ ಹೆಪ್ಪುಗಟ್ಟಿ ಕೂತಿದೆ ಕಣಯ್ಯಾ," ಅಂದಳು ಆರ್ಲಾ. "ಸತ್ತೋರಿಗೆಲ್ಲ ಬೆಂಕಿ ಹಾಕ್ತೀಯ, ಇದಕ್ಕೂ ಒಂದು ಹಾಕು."

"ನಿನ್ನ ಬೋರ್ಡಿಗೆಲ್ಲ ನನ್ನ ಇದ್ದಿಲು ದಂಡ ಮಾಡಲ್ಲ. ಕಾಫಿ ಕೊಡು."

ಮೂವರೂ ನಕ್ಕರು. ಎಲ್ರಾಯ್ ಮಿಷಿಗನ್ನಿನ ಮೇಲೆ ಬೆಣ್ಣೆ ಸಕ್ಕರೆ ಹಾಕಿಕೊಂಡು ಸುರುಳಿ ಸುತ್ತಿ ತಿಂದು ಹೋದ. ಸಂಜೆ ಮತ್ತೆ ಹಾಲು ಕರೆದರು. ಟಿ.ವಿ. ನೋಡುತ್ತಾ ಆರ್ಲಾ ಕುರ್ಚಿಯಲ್ಲೇ ಗೊರಕೆ ಹೊಡೆದಳು. ಅಷ್ಟೇ.

ಆ ಬೋರ್ಡಿನ ಕಥೆ ಹೀಗೆ. ಅವರಿದ್ದ ವಿಸ್ಕಾನ್ಸಿನ್ ರಾಜ್ಯದವರೆಲ್ಲ ನವೆಂಬರಿನಲ್ಲಿ ಮತ ಹಾಕಬೇಕಿತ್ತು. ರಾಜ್ಯದ ಸಂವಿಧಾನಕ್ಕೆ ಒಂದು ಮಾತು ಸೇರಿಸಬೇಕೋ ಬೇಡವೋ ಅಂತ. ಮದುವೆ ಅಂದರೆ ಒಂದು ಗಂಡು, ಒಂದು ಹೆಣ್ಣು. ಬೇರೆಯವರಿಗೆ ಮದುವೆಯೂ ಇಲ್ಲ, ಮದುವೆಯಂಥ ಇನ್ನೊಂದು ಹೆಸರಿನ ಸಂಬಂಧವೂ ಇಲ್ಲ. ಹಿಲ್ಮಾಳಿಗೆ ಇಂಥದ್ದೆಲ್ಲ ತಲೆಗೆ ಹತ್ತುತ್ತಿರಲಿಲ್ಲ. ಎಂಟನೇ ತರಗತಿಯಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದ, ಅಲ್ಲಿಂದ ಅವಳ ಶಾಲೆ ಕೊಟ್ಟಿಗೆಯೇ. ಆರ್ಲಾ ಹಾಗಲ್ಲ. ಊರೂರು ಸುತ್ತಿ ಹಾಲಿನ ಲಾರಿ ಓಡಿಸಿದವಳು. ಒಂದು ಹಿಮಗಾಳಿಯ ದಿನ ಲಾರಿ ಹಿಲ್ಮಾಳ ಅಂಗಳದಲ್ಲೇ ಹೂತುಕೊಂಡಿತು. ಮೂರು ದಿನ ಉಳಿದಳು. ನಾಲ್ಕನೆಯ ದಿನ ರಸ್ತೆ ತೆರೆಯಿತು, ಲಾರಿ ಹೋಯಿತು. ವಾರದೊಳಗೆ ಕೆಲಸ ಬಿಟ್ಟು ಒಂದು ಪೆಟ್ಟಿಗೆ ಹಿಡಿದು ವಾಪಸು ಬಂದಳು. ಊರು ಕೇಳಲಿಲ್ಲ, ಇವರು ಹೇಳಲಿಲ್ಲ. "ಹಿಲ್ಮಾ ಮತ್ತು ಆರ್ಲಾ" ಅಂತ ಒಂದೇ ಉಸಿರಿನಲ್ಲಿ ಕರೆಯುವುದು ಊರಿಗೆ ರೂಢಿಯಾಯಿತು.

ಆ ಸೆಪ್ಟೆಂಬರಿನಲ್ಲಿ ಆರ್ಲಾ, ಬೇಡ ಅಂತ ಮತ ಹಾಕಿ ಅನ್ನುವ ಬೋರ್ಡನ್ನು ಅಂಗಳದಲ್ಲಿ ನೆಟ್ಟು, ಮನೆಮನೆಗೆ ಹೊರಟಳು. ಹಿಲ್ಮಾ ನಿಂಬೆ ಮಿಠಾಯಿಯ ತಟ್ಟೆ ಹಿಡಿದು ಹಿಂದೆ ಹೋದಳು, ನಾಚಿಕೆಯಿಂದ ತಲೆ ತಗ್ಗಿಸಿಕೊಂಡು. ಆರ್ಲಾ ಎಲ್ಲ ಬಾಗಿಲಲ್ಲೂ ಹೇಳಿದ್ದು ಒಂದೇ. "ನಮಗೇನು ಬಿಳಿ ಗೌನು ಬೇಡ. ಈ ಮೈಗೆ ಬಿಳಿ ಗೌನು ಹಾಕಿದ್ರೆ ಮೇವು ತುಂಬೋ ಸೈಲೋ ಗೋಪುರದ ಥರ ಕಾಣ್ತೀನಿ. ನಾನು ಸತ್ರೆ ಮಣ್ಣು ಮಾಡೋಕೆ ಇವಳು ಯಾರನ್ನೂ ಕೇಳೋ ಹಂಗಾಗಬಾರದು, ಅಷ್ಟೇ."

ಜನ ಮಿಠಾಯಿ ತಿಂದರು, ಒಳ್ಳೆಯದಾಗಲಿ ಅಂದರು. ಹತ್ತರಲ್ಲಿ ಆರು ಮಂದಿ ಆ ಮಾತು ಸೇರಲಿ ಅಂತ ಮತ ಹಾಕಿದರು.

ಆ ಗುರುವಾರದ ಮರುದಿನ, ಶುಕ್ರವಾರ ಬೆಳಿಗ್ಗೆ, ಎರಡು ಹಸುಗಳ ನಡುವೆ ಆರ್ಲಾ ಕುಸಿದಳು. ತಲೆಯಲ್ಲಿ ನರ ಒಡೆದಿತ್ತಂತೆ. ಹಸುಗಳು ತುಳಿಯಲಿಲ್ಲ, ಕಾಲು ಎತ್ತಿಟ್ಟು ನಿಂತಿದ್ದವು. ಹಿಲ್ಮಾ ಓಡಿ ಬಂದಾಗ ಆರ್ಲಾಳ ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ.

ಹಿಲ್ಮಾ ಮೊದಲು ಹೋದದ್ದು ಎಲ್ರಾಯ್‌ನ ಮನೆಗೆ. ಆ ಊರಲ್ಲಿ ಹಾಗೇ. ಯಾರು ಬಂದು ಅವನ ಬಾಗಿಲಲ್ಲಿ ನಿಲ್ಲುತ್ತಾರೋ ಅವರೇ ಸತ್ತವರ ಮನೆಯವರು. ಎಲ್ರಾಯ್ ಟೊಪ್ಪಿ ತೆಗೆದು ನಿಂತ.

"ಎಲ್ಲಿ ಹಾಕ್ಲಿ ಬೆಂಕಿ?"

"ಅಪ್ಪ ಅಮ್ಮನ ಸಾಲಲ್ಲಿ. ನನ್ನ ಜಾಗ ಬಿಟ್ಟು ಆ ಕಡೆ."

ಅವನು ಅಂದೇ ಹಾಕಿದ. ಗುಡ್ಡದ ಮೇಲೆ ಹೊಗೆ ಏಳುವುದು ಹಿಲ್ಮಾಳ ಅಡುಗೆಮನೆ ಕಿಟಕಿಗೆ ಕಾಣುತ್ತಿತ್ತು. ಹೊಗೆ ನೋಡಿದವರೆಲ್ಲ ಬಂದರು, ಮುಚ್ಚಿದ ಪಾತ್ರೆಗಳಲ್ಲಿ ಅಡುಗೆ ತಂದರು. ಸಾವಿನ ಮನೆಯವರು ಹಾಲು ಕರೆಯಬಾರದು, ನೆರೆಯವರು ಕರೆಯಬೇಕು. ಅದೂ ಅಲ್ಲಿನ ಪದ್ಧತಿ. ಅವರೇ ಸರದಿ ಹಾಕಿಕೊಂಡು ಕರೆದರು. ಇವಳು ಸಾವಿನ ಮನೆಯವಳಲ್ಲ ಅಂತ ಕೊಟ್ಟಿಗೆಯಲ್ಲಿ ಒಬ್ಬರೂ ಅನ್ನಲಿಲ್ಲ.

ಅಲ್ಲಿನ ಇನ್ನೊಂದು ಪದ್ಧತಿಯೇ ಅವಳನ್ನು ಕೆಡಿಸಿತು. ಎಷ್ಟೇ ಮುನಿಸಿರಲಿ, ಹುಟ್ಟಿದ ಮನೆಗೆ ತಿಳಿಸದೆ ಯಾರನ್ನೂ ಮಣ್ಣಿಗಿಡುವುದಿಲ್ಲ. ಆರ್ಲಾಳಿಗೆ ಇದ್ದವನು ಒಬ್ಬ ಅಣ್ಣ, ಡೆಲ್ಮರ್, ರಾಜ್ಯದ ದಕ್ಷಿಣದ ತುದಿಯಲ್ಲಿ. ಅಪ್ಪ ಮಗಳನ್ನು ಮನೆ ಬಿಡಿಸಿದಾಗ ಅವನು ಬಾಯಿ ಬಿಟ್ಟಿರಲಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬರುತ್ತಿತ್ತು, ಹಿಲ್ಮಾಳ ಹೆಸರಿಲ್ಲದೆ. ಕೊನೆಯ ಸಲ ಮುಖ ನೋಡಿಕೊಳ್ಳಲಿ ಅಂತ ಹಿಲ್ಮಾ ತಾನೇ ಫೋನು ಮಾಡಿದಳು.

ಶನಿವಾರ ಅವನು ಬಂದ. ಹೆಣ ಒಯ್ಯುವ ಕಪ್ಪು ಬಂಡಿ ಅವನ ಊರಿಂದಲೇ ಜೊತೆಗೆ ಬಂದಿತ್ತು. ಆರ್ಲಾಳನ್ನು ಇಟ್ಟಿದ್ದ, ಶವಪೆಟ್ಟಿಗೆ ಮಾರುವವನ ಅಂಗಡಿಯಲ್ಲಿ ಇಬ್ಬರೂ ಎದುರಾದರು. ಡೆಲ್ಮರ್ ಕೆಟ್ಟ ಮನುಷ್ಯನಲ್ಲ. ಕಣ್ಣು ಕೆಂಪಾಗಿತ್ತು.

"ಅಮ್ಮನ ಪಕ್ಕ ಒಂದು ಜಾಗ ಇದೆ," ಅಂದ. "ಸಾಯೋವಾಗ ಅಮ್ಮ ಇವಳನ್ನ ಕೇಳಿದಳು. ಕರಕೊಂಡು ಹೋಗ್ತೀನಿ."

"ಡೆಲ್ಮರ್, ಇಲ್ಲಿ ಗುಂಡಿ ಆಗಿದೆ. ಎಲ್ರಾಯ್ ತೋಡಿ ಇಟ್ಟಿದಾನೆ."

"ಯಾರು ತೋಡಿಸಿದ್ದು?"

"ನಾನು."

"ನೀವು ಅವಳಿಗೆ ಏನಾಗ್ಬೇಕು?"

ಹಿಲ್ಮಾ ಬಾಯಿ ತೆರೆದಳು. ಇಪ್ಪತ್ತಾರು ವರ್ಷ ಒಂದೇ ಹಾಸಿಗೆ, ಒಂದೇ ಸೋಪು, ಒಂದೇ ಜ್ವರ. ಇದಕ್ಕೆ ಹೆಸರು ಸಿಗಲಿಲ್ಲ. ಅಂಗಡಿಯವನ ಕಡೆ ನೋಡಿದಳು. ಸಣ್ಣವನಿದ್ದಾಗ ಇವರ ಹುಲ್ಲಿನ ಅಟ್ಟದಲ್ಲಿ ಆಡಿದವನು ಅವನು.

"ಹಿಲ್ಮಾ ಅಮ್ಮ, ನನ್ನ ಕೈ ಕಟ್ಟಿದೆ," ಅಂದ. "ರಕ್ತ ಸಂಬಂಧದೋರು ಹೇಳಿದಂಗೆ ಮಾಡ್ಬೇಕು. ಮುಂಚೆನೂ ಹಂಗೇ ಇತ್ತು."

"ಮುಂಚೆನೂ ಇತ್ತು, ಹೌದು. ಆದ್ರೆ ಮುಂಚೆ ಬದಲಾಗಬಹುದಿತ್ತು. ನವೆಂಬರಿನಲ್ಲಿ ನೀವೆಲ್ಲ ಸೇರಿ ಅದಕ್ಕೆ ಮೊಳೆ ಹೊಡೆದ್ರಿ."

ಅವಳು ಅಣ್ಣನ ಕಡೆ ತಿರುಗಿದಳು.

"ಡೆಲ್ಮರ್, ಒಂದು ಮಾತು," ಅಂದಳು ಹಿಲ್ಮಾ. ಅವಳು ಜೀವಮಾನದಲ್ಲಿ ಯಾರನ್ನೂ ಬೇಡಿದವಳಲ್ಲ. "ಅವಳಿಗೆ ನಿಮ್ಮ ಊರಲ್ಲಿ ಯಾರೂ ಇಲ್ಲ. ನನಗೆ ದಿನಕ್ಕೆ ಎರಡು ಹೊತ್ತು ಹಾಲಿದೆ. ಅಷ್ಟು ದೂರ ಬಂದು ಹೋಗೋಕೆ ಆಗಲ್ಲ. ಇಲ್ಲೇ ಬಿಡು. ಕಲ್ಲಿನ ಮೇಲೆ ನಿಮ್ಮ ಅಪ್ಪನ ಹೆಸರೇ ಹಾಕು, ನನ್ನ ಹೆಸರು ಬೇಡ."

ಡೆಲ್ಮರ್ ಅತ್ತ. ಅತ್ತುಕೊಂಡೇ, "ಅಮ್ಮನಿಗೆ ಮಾತು ಕೊಟ್ಟಿದೀನಿ," ಅಂದ. ಬಂಡಿಯ ಬಾಗಿಲು ಹಾಕಿದ. ಮಣ್ಣು ಮಾಡುವ ದಿನ ಬನ್ನಿ ಅಂತಲೂ ಕರೆದ. ಹಿಲ್ಮಾ ಹೋದಳು. ಚರ್ಚಿನಲ್ಲಿ ಮನೆಯವರೆಲ್ಲ ಮುಂದಿನ ಸಾಲು. ಅವಳು ಹಿಂದೆ, ಕೋಟು ಹಾಕುವ ಗೂಟಗಳ ಹತ್ತಿರ ಕೂತಳು. ಆರ್ಲಾ ಹಾಲಿನ ಲಾರಿ ಓಡಿಸಿದ್ದು, ನಗಿಸಿದ್ದು ಎಲ್ಲ ಪಾದ್ರಿ ಹೇಳಿದ. ಆಮೇಲಿನ ಇಪ್ಪತ್ತಾರು ವರ್ಷಕ್ಕೆ "ಉತ್ತರದ ಕಡೆ ವಾಸವಿದ್ದರು" ಅಂದ.

ವಾಪಸು ಬಂದ ಮರುದಿನ ಗುಡ್ಡಕ್ಕೆ ಹತ್ತಿದಳು. ಎಲ್ರಾಯ್ ಗುಂಡಿಯ ಅಂಚಿನಲ್ಲಿ ಸಲಿಕೆ ಊರಿ ನಿಂತಿದ್ದ. ಗೋಡೆಗಳು ಚೊಕ್ಕವಾಗಿ ಕಡಿದಿದ್ದವು. ತಳದಲ್ಲಿ ಹಿಮ ತುಂಬುತ್ತಿತ್ತು.

"ಏನ್ ಮಾಡ್ಲಿ ಇದನ್ನ?" ಅಂದ. "ತೆಗೆದ ಮಣ್ಣು ಮತ್ತೆ ಕಲ್ಲಾಗಿದೆ. ಹಿಮ ಕರಗೋ ತನಕ ಮುಚ್ಚೋಕಾಗಲ್ಲ. ಖಾಲಿ ಗುಂಡಿ ಬಿಟ್ಟಿದ್ದು ಇದೇ ಮೊದಲು ನಾನು."

"ಹಲಗೆ ಹಾಕು."

ಅವನು ಹಾಕಲಿಲ್ಲ. ಸಲಿಕೆ ನೆಲಕ್ಕಿಟ್ಟು ಅಂದ, "ನಾನೂ ಹೌದು ಅಂತಲೇ ಮತ ಹಾಕಿದ್ದು ಹಿಲ್ಮಾ. ಚರ್ಚಲ್ಲಿ ಹೇಳಿದ್ರು. ನಿಮ್ಮಿಬ್ಬರ ಮೇಲೆ ಹಾಕಿದ್ದಲ್ಲ. ಟಿ.ವಿ.ಯಲ್ಲಿ ಬರ್ತಾರಲ್ಲ, ದೊಡ್ಡ ಊರಿನೋರು, ಅವರ ಮೇಲೆ."

"ನಮ್ಮ ಮನೇಲಿ ತಿಂದ್ಯಲ್ಲೋ. ಅವಳು ನಿನ್ನ ಬಾಗಿಲಿಗೂ ಬಂದು ಹೇಳಿದ್ಳಲ್ಲ."

"ಹೇಳಿದ್ಳು. ತಮಾಷೆಗೆ ಹೇಳ್ತಾಳೆ ಅಂದ್ಕೊಂಡೆ. ನಿಮ್ಮನ್ನ ಯಾರು ತಡೀತಾರೆ ಅಂದ್ಕೊಂಡೆ. ನಾನೇ ಅಲ್ವಾ ಗುಂಡಿ ತೋಡೋನು?"

ಹಿಲ್ಮಾಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಅವನ ಕೈ ನೋಡಿದಳು. ಬೆರಳ ಗೆಣ್ಣು ಇದ್ದಿಲಿನಿಂದ ಸುಟ್ಟು ಬೊಬ್ಬೆ ಎದ್ದಿತ್ತು. ಆ ಮತವೂ ಈ ಬೊಬ್ಬೆಯೂ ಒಬ್ಬನದೇ, ಎರಡೂ ನಿಜ. ಅದನ್ನು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

"ನಮ್ಮ ಮೇಲಲ್ಲ ಅಂದ್ಯಲ್ಲ," ಅಂದಳು. "ಈ ಊರಲ್ಲಿ ನಮ್ಮನ್ನ ಬಿಟ್ರೆ ಇನ್ಯಾರಿದ್ರು ಎಲ್ರಾಯ್?"

ಇಬ್ಬರೂ ಸೇರಿ ಹಲಗೆ ಎಳೆದರು. ಏಪ್ರಿಲ್‌ನಲ್ಲಿ ಅವನು ಮಣ್ಣು ತುಂಬಿದ. ನೆಲ ಅಲ್ಲಿ ಸ್ವಲ್ಪ ಕುಸಿದಿದೆ. ಒಳಗೆ ಯಾರೂ ಇಲ್ಲದ ಗುಂಡಿಯೂ ಕುಸಿಯುತ್ತದೆ.

ಎಲ್ರಾಯ್ ಈಗಲೂ ಅಂಗಳ ಬಳಿಯುತ್ತಾನೆ. ಒಳಗೆ ಬರುವುದಿಲ್ಲ. ಹಿಲ್ಮಾ ಕರೆಯುವುದಿಲ್ಲ. ಆರ್ಲಾ ಇರುವ ಊರಿಗೆ ಅವಳು ಎರಡು ಸಲ ಹೋಗಿದ್ದಾಳೆ. ಎರಡು ಸಲವೂ ಸಂಜೆಯ ಹಾಲಿಗೆ ಹೊತ್ತಾಗುತ್ತದೆಂದು ಕೂರದೆ ಬಂದಳು. ಸತ್ತ ಮೇಲೆ ಸೇರುತ್ತೇವೆ ಅನ್ನುತ್ತಾರೆ. ಎಲ್ಲಿ ಸೇರುವುದು? ನಡುವೆ ಇಡೀ ರಾಜ್ಯವೇ ಇದೆ.

ಬೆಳಿಗ್ಗೆ ಏಳುತ್ತಾಳೆ. ಕರುಗಳ ಕೆಲಸ ಆರ್ಲಾಳದಾಗಿತ್ತು, ಹಿಲ್ಮಾಳಿಗೆ ಅದರ ತಾಳ್ಮೆ ಇರಲಿಲ್ಲ. ಈಗ ಬೆಳಗಿನ ಮೊದಲ ಕೆಲಸ ಅದೇ. ಹೊಸದಾಗಿ ಹುಟ್ಟಿದ್ದಕ್ಕೆ ಬಕೆಟ್ಟಿನಿಂದ ಕುಡಿಯಲು ಬರುವುದಿಲ್ಲ. ಎರಡು ಬೆರಳನ್ನು ಬೆಚ್ಚಗಿನ ಹಾಲಿನಲ್ಲಿ ಅದ್ದಿ ಅದರ ಬಾಯಿಗಿಡುತ್ತಾಳೆ. ಅದು ಚೀಪುತ್ತದೆ. ಬೆರಳನ್ನು ಬಾಯಲ್ಲೇ ಇಟ್ಟು, ಇನ್ನೊಂದು ಕೈಯಲ್ಲಿ ತಲೆಯನ್ನು ಮೆಲ್ಲಗೆ ಹಾಲಿಗೆ ತಗ್ಗಿಸುತ್ತಾಳೆ. ಮೂಗಿಗೆ ಹಾಲು ಹೋಗಿ ಕರು ಸೀನುತ್ತದೆ, ಬಕೆಟ್ಟು ಒದೆಯುತ್ತದೆ. ಮತ್ತೆ ತುಂಬಿಕೊಂಡು ಬರುತ್ತಾಳೆ. ಮತ್ತೆ ಬೆರಳು ಅದ್ದುತ್ತಾಳೆ.