ಅತ್ತೆ ನುಂಗಿದ ಗೋಲಿ

ನಿಜಾಮರ ಕಾಲದಲ್ಲಿ ನಾನು ಮಸ್ಕಿಗೆ ಸೊಸೆಯಾಗಿ ಬಂದೆ. ದಿನ ಬೆಳಗಾದರೆ ನನಗೂ ಅತ್ತೆಗೂ ಜಗಳ. ರೊಟ್ಟಿ ದಪ್ಪವಾದರೂ ತಪ್ಪು, ತೆಳ್ಳಗಾದರೂ ತಪ್ಪು. ನನ್ನ ಬಾಯೇನೂ ಸಣ್ಣದಲ್ಲ, ಒಂದಕ್ಕೆರಡು ತಿರುಗಿ ಕೊಡುತ್ತಿದ್ದೆ.

ಒಮ್ಮೆ ಅತ್ತೆಗೆ ಚಳಿಜ್ವರ ಬಂತು. ಲಿಂಗಸುಗೂರಿನ ದವಾಖಾನೆಯ ಡಾಕ್ಟರು ಕ್ವಿನೈನ್ ಗೋಲಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಒಂದು ನುಂಗಬೇಕೆಂದರು. ಜ್ವರವೇನೋ ಇಳಿಯಿತು. ಆದರೆ ಒಂದು ದಿನ ಅತ್ತೆ ಎದೆ ಹಿಡಿದುಕೊಂಡು ಕೂತರು. ನೀರು ಕುಡಿದರೆ ಕೆಂಡ ಇಳಿದಂಥ ಉರಿ, ಉಗುಳು ನುಂಗಲೂ ಆಗದು. ಮರುದಿನವೂ ಹಾಗೇ. ನನ್ನನ್ನು ಬೈಯುವುದನ್ನೂ ಬಿಟ್ಟರು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ನೀರಿಳಿಯದ ಜೀವ ಎಷ್ಟು ದಿನ ಉಳಿದೀತು?

ನನ್ನ ಗಂಡ ಗಾಡಿ ಕಟ್ಟಿದರು. ಡಾಕ್ಟರು ಹೈದರಾಬಾದ್ ಕಡೆಯ ಸಾಹೇಬರು. ಗಂಟಲು ನೋಡಿದರು, ಎದೆಬಡಿತ ಕೇಳಿದರು. ಎರಡೂ ನೆಟ್ಟಗಿದ್ದವು.

"ಹಡ್ಡಿ, ಎಲುಬು, ಮೀನಿನ ಮುಳ್ಳು ಏನರ ನುಂಗೀರೇನ್ರಿ?"

ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಈ ಪ್ರಶ್ನೆ! ಅತ್ತೆ ನೋಡಿದ ನೋಟಕ್ಕೆ ಡಾಕ್ಟರು ಹಿಂದೆ ಸರಿದರು. ಆಮೇಲೆ ಮೆಲ್ಲಗೆ, "ಅಮ್ಮಾ, ಗೋಲಿ ಹ್ಯಾಂಗ ನುಂಗತೀರಿ? ಮಾಡಿ ತೋರಿಸ್ರಿ," ಎಂದರು.

ಅತ್ತೆ ಬರಿಗೈಯನ್ನು ಬಾಯಿಗೆ ಒಯ್ದು, ಕತ್ತು ಹಿಂದಕ್ಕೆ ಚೆಲ್ಲಿ, ಹಾಗೇ ಬೆಂಚಿನ ಮೇಲೆ ಮಲಗಿಬಿಟ್ಟರು.

"ನೀರು?"

ನಾನೇ ಹೇಳಿದೆ: "ಲಿಂಗಪೂಜಾ ಆಗೂತನಕ ಅವ್ರು ಹನಿ ನೀರು ಮುಟ್ಟಂಗಿಲ್ರಿ. ನೀವು ನೋಡಿದ್ರ ಎದ್ದ ಕೂಡ್ಲೇ ಅಂದ್ರಿ. ಅದಕ್ಕ ಒಣಾದ ನುಂಗ್ಯಾರ."

ಲಿಂಗದೀಕ್ಷೆ ಕೊಟ್ಟ ಗುರುವಿನ ಮಾತೂ ಮೀರಲಿಲ್ಲ, ಡಾಕ್ಟರ ಮಾತೂ ಮೀರಲಿಲ್ಲ, ನಮ್ಮ ಅತ್ತೆ. ಡಾಕ್ಟರು ಹಣೆ ಚಚ್ಚಿಕೊಂಡರು. ಗೋಲಿ ಅನ್ನನಾಳದಲ್ಲೇ ಅಂಟಿ, ಕರಗಿ, ಹುಣ್ಣು ಮಾಡಿತ್ತು. ಇಂಥದ್ದನ್ನು ತಾವೂ ಕಂಡಿರಲಿಲ್ಲವಂತೆ. ಗೋಲಿ ಬಂದ್ ಮಾಡಿಸಿದರು. ತಣ್ಣನೆಯ ಹಾಲು, ಗಂಜಿ, ಅದೂ ಚಮಚ ಚಮಚ; ಉಪ್ಪು ಖಾರ ಕೂಡದು, ಕುಡಿದ ಮೇಲೆ ಮಲಗಕೂಡದು. ಮುಂದೆ ಜ್ವರ ಬಂದರೆ ಮೊದಲು ಪೂಜೆ, ಆಮೇಲೆ ಗೋಲಿ, ಮೇಲೆ ತುಂಬಿದ ಲೋಟ ನೀರು.

ಮೊದಮೊದಲು ಒಂದು ಚಮಚ ಹಾಲಿಗೂ ಅತ್ತೆಯ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಬೆನ್ನಿಗೆ ಕೈ ಕೊಟ್ಟು ಕೂತಿರುತ್ತಿದ್ದೆ. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಬಟ್ಟಲು ತುಂಬ ಗಂಜಿ ಸರಾಗವಾಗಿ ಇಳಿಯಿತು. ಬಟ್ಟಲು ಕೆಳಗಿಟ್ಟು ನನ್ನತ್ತ ತಿರುಗಿದರು.

"ಏನ್ ಗಂಜಿ ಬೇ ಇದು? ನಿಮ್ಮವ್ವ ಉಪ್ಪು ಹಾಕೋದೂ ಕಲಿಸಿಲ್ಲೇನ?"

ತವರಿನ ಮಾತೆತ್ತಿದರೆ ನಾನು ಸುಮ್ಮನಿರುವವಳಲ್ಲ. ಅಂದು ಮಾತ್ರ ಬಟ್ಟಲು ಎತ್ತಿಕೊಂಡು ಒಳಗೆ ಹೋಗಿ, ಒಲೆಯ ಮುಂದೆ ಕೂತು, ಖುಷಿಗೆ ಗೊಳೋ ಎಂದು ಅಳತೊಡಗಿದೆ.